ಕುಂಕುಮದ ಕೆಳಗಿದ್ದ ಗುರುತು

ಮರೀಗೌಡರೇ, ನೀವು ಮೋಸ ಮಾಡಿರಲಿಲ್ಲ. ಭಜನೆಗೆ ನುಡಿಸುತ್ತಿದ್ದ ಆ ಕೀಬೋರ್ಡನ್ನು ಸುಟ್ಟವನು ನಾನು, ಪಾಂಡವಪುರ ಬಸ್‌ಸ್ಟ್ಯಾಂಡಿನ ಹಿಂದೆ ರಿಪೇರಿ ಅಂಗಡಿ ಇಟ್ಟಿರುವ ಶ್ರೀಕಂಠ. ಆರು ವರ್ಷ ಈ ಮಾತನ್ನು ಮುಚ್ಚಿಟ್ಟಿದ್ದೆ — ಇರಲಿ, ಈಗಂತೂ ಹೊರಗೆ ಬಂತು.

ಮೊದಲ ಸಲ ಲಕ್ವ ಹೊಡೆದು ಎಡಗೈ ಬೆರಳು ಮರಗಟ್ಟಿದ ಮೇಲೆ ನೀವು ಅದನ್ನು ಗೆಳೆಯ ಪುಟ್ಟಸ್ವಾಮಿಗೆ ಮಾರಿ, ಕೆ.ಆರ್. ಪೇಟೆಯಿಂದ ಬಸ್ಸಿನಲ್ಲಿ ಕಳಿಸಿದ್ದಿರಿ. ಇಬ್ಬರೂ ಇಪ್ಪತ್ತು ವರ್ಷ ಒಂದೇ ಭಜನಾ ತಂಡದಲ್ಲಿ ಹಾಡಿದವರು. ಪರೀಕ್ಷೆ ಮಾಡಿ ತಗೋ ಎಂದು ಕೊಟ್ಟವರು ಅನ್ನಲಿಲ್ಲ, ಕೊಂಡವರೂ ಮಾಡಲಿಲ್ಲ. ಅಡಾಪ್ಟರನ್ನು ಮಾತ್ರ ಇಲಿ ಕಡಿದಿತ್ತು. ಹೊಸದಕ್ಕೆ ಮೈಸೂರಿನಲ್ಲಿ ಹೇಳಿದ ಬೆಲೆ ಕೇಳಿದ ಪುಟ್ಟಸ್ವಾಮಿ, ಮೂಗಿಗಿಂತ ಮೂಗುತಿ ಭಾರ ಎನ್ನುತ್ತ ನನ್ನ ಅಂಗಡಿಗೆ ಬಂದರು. ನನ್ನಲ್ಲಿ ಒಂದು ಗೋಣಿಚೀಲದ ತುಂಬ ಹಳೇ ಅಡಾಪ್ಟರುಗಳಿವೆ — ಮೋಡೆಮ್ಮಿನವು, ಡಿಶ್ಶಿನವು. ಬಂದವರಿಗೆ ಇಲ್ಲ ಅನ್ನುವ ಅಭ್ಯಾಸ ನನಗಿಲ್ಲ. ಜಂಬ, ಇನ್ನೇನು.

ಅಡಾಪ್ಟರಿನ ವೋಲ್ಟು ಹೊಂದಬೇಕು, ಪಿನ್ನು ಕೂರಬೇಕು, ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಅದೂ ಹೊಂದಬೇಕು, ತಪ್ಪಿದರೆ ಸುಟ್ಟುಹೋಗುತ್ತದೆ. ಮೂರನೆಯದರ ಗುರುತು ಕೀಬೋರ್ಡಿನ ಹಿಂದೆ, ಪಿನ್ನು ಹಾಕುವ ತೂತಿನ ಪಕ್ಕದಲ್ಲಿರುತ್ತದೆ. ಪ್ರತಿ ಆಯುಧಪೂಜೆಗೂ ನೀವು ಅರಿಸಿನ ಕುಂಕುಮ ಹಚ್ಚುತ್ತಿದ್ದದ್ದು ಸರಿಯಾಗಿ ಅದರ ಮೇಲೆ. ಕೆರೆದು ನೋಡಬೇಕಿತ್ತು. ದೇವರ ಕುಂಕುಮ, ಹೇಗೆ ಕೆರೆಯುವುದು ಎಂದುಕೊಂಡೆ — ಅಲ್ಲ, ಅದು ಆಮೇಲೆ ಹುಡುಕಿಕೊಂಡ ನೆಪ. ಹೆಚ್ಚಿನವಕ್ಕೆಲ್ಲ ನಡುವೆ ಪ್ಲಸ್ಸೇ, ನೋಡುವುದೇನಿದೆ ಅನ್ನಿಸಿತು. ಅಷ್ಟೇ.

ಪುಟ್ಟಸ್ವಾಮಿ ಟೀ ಕುಡಿಯಲು ಹೋಗಿದ್ದರು. ಸ್ವಿಚ್ಚು ಹಾಕಿದೆ. ಒಂದು ಸ್ವರವೂ ಬರಲಿಲ್ಲ, ಸುಟ್ಟ ವಾಸನೆ ಬಂತು. ಆಗ ಕುಂಕುಮ ಕೆರೆದೆ. ನಡುವೆ ಮೈನಸ್ಸು. ಮುಂದೆ ಮಾಡಿದ್ದನ್ನೂ ಬರೆಯುತ್ತೇನೆ — ಅಂಗಡಿಯ ದೇವರ ಪಟದ ಮುಂದಿದ್ದ ಬಟ್ಟಲಿನಿಂದ ಕುಂಕುಮ ತೆಗೆದು, ನೀರಿನಲ್ಲಿ ಕಲಸಿ, ಆ ಗುರುತನ್ನು ಮತ್ತೆ ಮುಚ್ಚಿದೆ.

ಅವರು ಬಂದಾಗ ಅಂದೆ:

"ಇದು ಮೊದ್ಲೇ ಸತ್ತೋಗಿತ್ತು ಕಣಣ್ಣ. ಗೊತ್ತಿದ್ದೇ ಕಳ್ಸವ್ರೆ."

ಬಸ್ಸಿನ ಕುಲುಕಾಟಕ್ಕೆ ಹೋಗಿರಬೇಕು ಅಂದಿದ್ದರೂ ಸಾಕಿತ್ತಲ್ಲ. ಸುಳ್ಳೇ ಹೇಳುವುದಾದರೆ ಯಾರಿಗೂ ಕೇಡಾಗದ ಸುಳ್ಳೊಂದು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಬಿಟ್ಟು ಇದನ್ನೇ ಹೇಳಿದೆ.

ಅವರು ಅಲ್ಲಿಂದಲೇ ನಿಮಗೆ ಫೋನು ಮಾಡಿದರು. ಸೆಲ್ಲು ಹಾಕಿ ನುಡಿಸಿ ನೋಡಿಯೇ ಕಳಿಸಿದೆ ಎಂದು ನೀವು ಅಂದದ್ದು ನನಗೂ ಕೇಳಿಸಿತು. ಪುಟ್ಟಸ್ವಾಮಿ ನನ್ನ ಮುಖ ನೋಡಿದರು. ನಾನೂ ಸೆಲ್ಲು ಹಾಕಿ ನೋಡಿದೆ, ನುಡಿಯಲಿಲ್ಲ ಎಂಬಂತೆ ತಲೆ ಆಡಿಸಿದೆ; ಹಾಕಿ ನೋಡಿರಲೇ ಇಲ್ಲ. "ಜೊತೇಲಿ ಹಾಡ್ದೋನ್ಗೇ ಇಂಗ್ ಮಾಡ್ಬುಟ್ಯಲ್ಲಾ" ಎಂದು ಅವರು ಫೋನಿಟ್ಟರು. ಆಮೇಲೆ ನೀವಿಬ್ಬರೂ ಒಟ್ಟಿಗೆ ಹಾಡಲಿಲ್ಲ. ಕರಿಘಟ್ಟದ ಗುಡಿಯ ಶನಿವಾರದ ಭಜನೆಗೆ ಒಬ್ಬರು ಬಂದರೆ ಇನ್ನೊಬ್ಬರಿಲ್ಲ.

ಅಂದಿನಿಂದ ಮೀಟರು ಹಿಡಿದು ಎರಡೆರಡು ಸಲ ನೋಡದೆ ಯಾವ ಅಡಾಪ್ಟರನ್ನೂ ಕೊಟ್ಟಿಲ್ಲ. ಉಣ್ಣುತ್ತಾ ಇದ್ದವನು ಅರ್ಧಕ್ಕೇ ಎದ್ದು ಅಂಗಡಿಗೆ ಹೋಗಿ ಮತ್ತೊಮ್ಮೆ ನೋಡಿ ಬರುತ್ತೇನೆ. ಹೆಂಡತಿ ಇದೇನು ಹುಚ್ಚು ಅನ್ನುತ್ತಾಳೆ. ನನ್ನ ಈ ಎಚ್ಚರದಿಂದ ನಿಮಗೇನು ಬಂತು ಎಂದು ಯಾರೂ ಕೇಳಲಿಲ್ಲ — ನಾನೂ ಕೇಳಿಕೊಳ್ಳದೆ ತಪ್ಪಿಸಿಕೊಂಡೆ.

ನಿಮಗೆ ಎರಡನೇ ಸಲ ಲಕ್ವ ಹೊಡೆದು ಮಾತು ತೊದಲುತ್ತಿದೆ ಎಂದು ಹೋದ ವಾರ ಪುಟ್ಟಸ್ವಾಮಿಯೇ ಹೇಳಿದರು. ನೋಡಿಕೊಂಡು ಬರುವುದಿಲ್ಲವೇ ಎಂದೆ. ಮೋಸ ಮಾಡಿದವನ ಮನೆ ಮೆಟ್ಟಿಲು ತುಳಿಯುವುದಿಲ್ಲ ಅಂದರು. ಇವತ್ತು ಬೆಳಿಗ್ಗೆ ಅವರನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ. ಹೊಡೆಯಲಿಲ್ಲ. ಇಷ್ಟೇ ಅಂದರು:

"ಅವತ್ತು ಫೋನಲ್ಲಿ ಅವ್ನು ಅತ್ತ ಕಣ್ಲಾ. ನಾನು ನಾಟ್ಕ ಅಂದ್ಕಂಡೆ."

ನಾಳೆ ಮೊದಲ ಬಸ್ಸಿಗೆ ಇಬ್ಬರೂ ಬರುತ್ತೇವೆ. ಈ ಕಾಗದವನ್ನೇ ನಿಮಗೆ ಓದಿ ಹೇಳುತ್ತೇನೆ. ಬರೆದಿಟ್ಟುಕೊಳ್ಳದಿದ್ದರೆ ನಾಲಿಗೆ ಮತ್ತೊಂದು ಸುಳ್ಳು ಹುಡುಕೀತೆಂಬ ಭಯ. ನೀವು ಅವರನ್ನು ಒಳಗೆ ಕರೆಯಿರಿ. ನನ್ನನ್ನು ಕರೆಯಬೇಡಿ, ನಾನು ಬಾಗಿಲಲ್ಲೇ ನಿಂತು ಓದುತ್ತೇನೆ.