ಸಿಡಿಯದ ಸ್ಟೋವ್

ಸ್ಟೋವ್ ಸಿಡಿದಿರಲಿಲ್ಲ. ಅದನ್ನು ಗುಂಡುಕಲ್ಲಿನಿಂದ ಜಜ್ಜಿ ಸಿಡಿದಂತೆ ಮಾಡಿದವಳು ನಾನು. ಪೊಲೀಸರ ಮುಂದೆ "ಕಣ್ಣಾರೆ ನೋಡೀನ್ರಿ, ಢಬ್ ಅಂತ ಸಿಡೀತು" ಎಂದವಳೂ ನಾನೇ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ರಾಯಚೂರಿನ ಓಣಿಯೊಂದರಲ್ಲಿ ನಮ್ಮ ಮನೆ. ಅವ್ವ, ಅಣ್ಣ, ಅಣ್ಣನ ಹೆಂಡತಿ ವೈನಿ, ನಾನು — ಇಷ್ಟೇ ಮಂದಿ. ವೈನಿ ಹುಲಿಗೆಮ್ಮ ದೇವದುರ್ಗದ ಕಡೆಯ ಅರಕೇರಾದವಳು, ಕಟ್ಟಿಗೆ ಒಲೆಯ ಮುಂದೆ ಬೆಳೆದವಳು. ನಮ್ಮಲ್ಲಿಗೆ ಬಂದ ಮೇಲೆ ಹಿತ್ತಾಳೆಯ ಪಂಪ್ ಸ್ಟೋವ್ ಅವಳ ಪಾಲಿಗೆ ಬಂತು. ಹುಣಸೆಹಣ್ಣು ತಿಕ್ಕಿ ಮುಖ ಕಾಣುವಂತೆ ಹೊಳೆಯಿಸುತ್ತಿದ್ದಳು. ಮನೆಗೆ ಬಂದ ಬಳಗಕ್ಕೆಲ್ಲ ಅವ್ವ ಅದನ್ನು ತೋರಿಸಿ ಬೀಗುತ್ತಿದ್ದಳು — ಸ್ಟೋವನ್ನು, ಸೊಸೆಯನ್ನಲ್ಲ.

ಅಂದು ನಡೆದದ್ದಕ್ಕೆ ಕಾರಣ ಎಷ್ಟು ಸಣ್ಣದೆಂದರೆ, ಈಗಲೂ ಹೇಳುವಾಗ ಮೈ ಉರಿಯುತ್ತದೆ. ತಾಯಿಗೆ ಹುಷಾರಿಲ್ಲವೆಂದು ಕೇಳಿ, ವೈನಿ ಯಾರ ಅಪ್ಪಣೆಗೂ ಕಾಯದೆ ದೇವದುರ್ಗದ ಬಸ್ಸು ಹತ್ತಿ ತವರಿಗೆ ಹೋಗಿಬಂದಿದ್ದಳು. ಸಂಜೆ ಅವಳು ಅಡುಗೆಮನೆಗೆ ಕಾಲಿಡುತ್ತಲೇ ಅವ್ವ ಎದುರು ನಿಂತಳು.

"ಯಾರನ್ನ ಕೇಳಿ ಹೋಗಿದ್ದಿ?"

"ಹಡೆದಾಕಿನ್ನ ನೋಡಾಕ ಯಾರನ್ನ ಕೇಳಬೇಕ್ರೀ ಅತ್ತಿ?"

ಇಷ್ಟೇ! ಈ ಒಂದು ಮಾತಿಗೆ ಅವ್ವ ಮೂಲೆಯ ಸೀಮೆಎಣ್ಣೆ ಡಬ್ಬಿ ಎತ್ತಿ ಅವಳ ಮೇಲೆ ಸುರಿದಳು. ಹೆದರಿಸುತ್ತಿದ್ದಾಳೆ ಎಂದುಕೊಂಡೆ — ಅಲ್ಲ, ಹಾಗೆಂದುಕೊಳ್ಳುವುದು ನನಗೆ ಬೇಕಾಗಿತ್ತು. ಹಿಂದೆಯೇ ಒಳಗೆ ಬಂದು ಕಡ್ಡಿ ಕೊರೆದವನು ಅಣ್ಣ. ಸ್ಟೋವ್ ಕಟ್ಟೆಯ ಮೇಲೆ ತಣ್ಣಗೆ ಕೂತಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ನಿಂತೇ ಇದ್ದೆ.

ಚೀರಾಟ ಕೇಳಿ ಓಡಿಬಂದವಳು ಪಕ್ಕದ ಮನೆಯ ಮೆಹಬೂಬಬಿ. ತನ್ನ ಕೌದಿ ಹೊದಿಸಿ, ಕೈ ಸುಟ್ಟುಕೊಂಡು ಬೆಂಕಿ ಆರಿಸಿದಳು. ಟಾಂಗಾ ಕರೆಸಿ ದವಾಖಾನೆಗೆ ಒಯ್ದಳು. ಅಣ್ಣ ಅಳುತ್ತ ಹಿಂದೆ ಓಡಿದ — ಏನು ಅಳು, ಎಂಥ ನಾಟಕ!

ಮನೆಯಲ್ಲಿ ಉಳಿದವರು ಅವ್ವ ಮತ್ತು ನಾನು. ನನ್ನ ಲಗ್ನ ಮಾನ್ವಿಯಲ್ಲಿ ಗೊತ್ತಾಗಿತ್ತು. ಅವ್ವ ಸ್ಟೋವನ್ನು ನನ್ನ ಮುಂದೆ ತಂದಿಟ್ಟಳು. "ನಿಮ್ಮಣ್ಣ ಜೇಲಿಗೆ ಹೋದ್ರ ನಿನ್ನ ಯಾವನು ಮಾಡ್ಕೊಂತಾನ? ಬಡಿ ಅದನ್ನ."

ಬಡಿದೆ. ಹಿತ್ತಾಳೆ ಅಷ್ಟು ಸುಲಭಕ್ಕೆ ಹರಿಯುವುದಿಲ್ಲ. ನನ್ನ ಕೈ ಸೋಲಲೂ ಇಲ್ಲ.

ವೈನಿ ಬದುಕಿದಳು. ಬದುಕಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೆಹಬೂಬಬಿಯೂ ಹೇಳಿದಳು: "ಸ್ಟೋವ್ ನೆಟ್ಟಗಿತ್ರೀ ಸಾಹೇಬ್ರ, ನಾ ನೋಡೀನಿ." ಒಬ್ಬಳದ್ದು ನೋವಿನ ಬಡಬಡಿಕೆಯಾಯಿತು, ಇನ್ನೊಬ್ಬಳದ್ದು ನಳದ ನೀರಿನ ಜಗಳದ ಸೇಡಾಯಿತು. ಕಣ್ಣೀರು ಸುರಿಸುತ್ತ ನಿಂತ ಮನೆಮಗಳ ಮಾತೇ ಸತ್ಯವಾಯಿತು. ವೈನಿ ತವರು ಸೇರಿದಳು. ವರುಷ ತಿರುಗುವುದರೊಳಗೆ ಅಣ್ಣನಿಗೆ ಇನ್ನೊಂದು ಮದುವೆ.

ಓಣಿಯ ಹೆಂಗಸರು ಬಂದು ಅವ್ವನನ್ನು ಸಂತೈಸಿದರು. "ಈಗಿನ ಹುಡುಗ್ಯಾರಿಗೆ ಸ್ಟೋವ್ ಹಚ್ಚಾಕ ಬರಂಗಿಲ್ಲ ಬಿಡ್ರಿ" ಎಂದರು. ಬರುವುದಿಲ್ಲವೆ? ಆ ವರ್ಷಗಳಲ್ಲಿ ಎಷ್ಟು ಮನೆಗಳಲ್ಲಿ ಸ್ಟೋವ್ ಸಿಡಿಯಿತು! ಯಾವ ಅತ್ತೆಯ ಮುಖಕ್ಕಾದರೂ ಸಿಡಿಯಿತೆ? ಯಾವ ಗಂಡನ ಅಂಗಿಗಾದರೂ ಕಿಡಿ ಹಾರಿತೆ? ಸೊಸೆಯರನ್ನೇ ಹುಡುಕಿ ಸಿಡಿಯಲು ಆ ತಗಡಿಗೆ ಕಣ್ಣಿದ್ದವೆ? ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಚಹಾ ಕುಡಿದು ಎದ್ದುಹೋದರು. ಅವರ ಮೇಲೆ ಸಿಟ್ಟು ಮಾಡುವ ಹಕ್ಕು ನನಗೆಲ್ಲಿದೆ — ಆ ಚಹಾ ಸೋಸಿ ಕೊಟ್ಟವಳೇ ನಾನು.

ಮಾನ್ವಿಗೆ ಹೋಗುವಾಗ ಅವ್ವ ನನಗೊಂದು ಹೊಸ ಸ್ಟೋವ್ ಕೊಟ್ಟಳು. ದಿನಾ ಸಂಜೆ ಅದಕ್ಕೆ ಗಾಳಿ ಹೊಡೆಯುತ್ತಿದ್ದೆ. ಹೊಡೆದಷ್ಟೂ ಭೋರೆಂದು ಉರಿಯುತ್ತಿತ್ತು. ಆ ಸದ್ದಿನೊಳಗೆ ವೈನಿಯ ಚೀರಾಟ ಇದ್ದೇ ಇರುತ್ತಿತ್ತು. ಕೀಲಿ ಸಡಿಲಿಸಿ ಗಾಳಿ ಬಿಟ್ಟರೆ ಸ್ಟೋವ್ ಆರುತ್ತದೆ. ನನ್ನೊಳಗಿನದಕ್ಕೆ ಅಂಥ ಕೀಲಿಯನ್ನು ನಾನೇ ಇಟ್ಟಿರಲಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ಅವ್ವ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ನಾನು ಅರಕೇರಾಕ್ಕೆ ಹೋದೆ. ವೈನಿ ಜಗುಲಿಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕುತ್ತಿಗೆಯ ಚರ್ಮ ಎದೆಗೆ ಎಳೆದುಕೊಂಡಿತ್ತು. ತಲೆಯೆತ್ತಿ ನೋಡಬೇಕಾದರೆ ಇಡೀ ಮೈಯನ್ನೇ ಹಿಂದಕ್ಕೆ ಬಾಗಿಸಬೇಕಿತ್ತು. ನಾನು ಕಾಲ ಬಳಿ ಕುಸಿದು ಎಲ್ಲವನ್ನೂ ಹೇಳತೊಡಗಿದೆ — ಕಲ್ಲು, ಹಿತ್ತಾಳೆ, ಲಗ್ನ... ಅವಳು ಅರ್ಧಕ್ಕೇ ತಡೆದಳು.

"ನನಗ್ಯಾಕ ಹೇಳಾಕತ್ತಿ? ನನಗ ಗೊತ್ತದ. ಗೊತ್ತಿಲ್ಲದವ್ರಿಗೆ ಹೇಳು, ಹೋಗು."

ನೀರು ಬೇಕೇ ಎಂದು ಕೂಡ ಕೇಳಲಿಲ್ಲ. ಮತ್ತೆ ಜೋಳದತ್ತ ತಿರುಗಿದಳು.

ಮೊದಲು ನನ್ನ ಗಂಡನಿಗೆ ಹೇಳಿದೆ. ಆಮೇಲೆ ರಾಯಚೂರಿಗೆ ಹೋಗಿ, ಅಣ್ಣನ ಎದುರು, ಅವನ ಎರಡನೆಯ ಹೆಂಡತಿಯ ಎದುರು ಹೇಳಿದೆ. ಮೊದಲಿನವಳು ಮತಿಗೇಡಿ, ತಾನೇ ಸುಟ್ಟುಕೊಂಡಳು ಎಂದಷ್ಟೇ ಆಕೆಗೆ ತಿಳಿದಿದ್ದದ್ದು.

"ತಲಿ ಕೆಟ್ಟದ ಇಕಿಗೆ" ಎಂದ ಅಣ್ಣ.

ಆಕೆ ಅವನನ್ನು ಕೇಳಲಿಲ್ಲ, ನನ್ನನ್ನೇ ಕೇಳಿದಳು: "ಕಡ್ಡಿ ಕೊರದವ್ರು ಯಾರ್ರಿ?"

ಅಣ್ಣನತ್ತ ಬೆರಳು ತೋರಿಸಿದೆ. ಆಕೆ ಮಲಗಿದ್ದ ಮಗಳನ್ನು ಎತ್ತಿಕೊಂಡು ಅಂಗಳಕ್ಕೆ ಹೋಗಿ ನಿಂತಳು. ಎಷ್ಟು ಕರೆದರೂ ಒಳಗೆ ಬರಲಿಲ್ಲ.

ಇದನ್ನು ಪ್ರಾಯಶ್ಚಿತ್ತ ಎಂದು ಕರೆಯುವ ಧೈರ್ಯ ನನಗಿಲ್ಲ. ವೈನಿ ಕ್ಷಮಿಸಿಲ್ಲ, ಕ್ಷಮಿಸಬಾರದು ಕೂಡ. ಗೊತ್ತಿಲ್ಲದವರು ಇನ್ನೂ ಇದ್ದಾರೆ. ಒಬ್ಬೊಬ್ಬರಿಗೇ ಹೇಳುತ್ತ ಹೋಗುತ್ತೇನೆ.