ಬಟ್ಟೆಯ ಹೆಂಚು

ನಮ್ಮೂರ ಹಳೆಯ ಸಭಾಭವನದ ಕತೆಯನ್ನು ಬಟ್ಟೆಯಲ್ಲಿ ಹೊಲಿದು ಅಲ್ಲೇ ಗೋಡೆಗೆ ತೂಗುಹಾಕುವುದೆಂದು ಮಹಿಳಾ ಮಂಡಲದಲ್ಲಿ ತೀರ್ಮಾನವಾಯಿತು. ಅಲ್ಲಿ ನಡೆದ ಮದುವೆ, ಯಕ್ಷಗಾನ, ನೆರೆ ಬಂದಾಗ ಬೇಯಿಸಿದ ಗಂಜಿ, ಎಲ್ಲವನ್ನೂ ಕಸೂತಿ ಬಲ್ಲವರು ಹಂಚಿಕೊಂಡರು. ಬೀಡಿ ಕಟ್ಟುವ ನನಗೂ ಅತ್ತೆಗೂ ಉಳಿದದ್ದು ಭವನದ ಚಾವಣಿ, ಹೆಂಚಿನ ಮಾಡು.

"ನಿಮಗೆ ಅದೇ ಸುಲಭ" ಎಂದರು ಮಂಡಲದ ಟೈಲರಿಂಗ್ ಟೀಚರು. ನನಗೆ ಮೈಯೆಲ್ಲ ಉರಿಯಿತು. ಅತ್ತೆ ಹಳೆಯ ಕೆಂಪು ಸೀರೆಯನ್ನು ಬೀಡಿ ಎಲೆಯ ಅಳತೆಗೆ ಕತ್ತರಿಸಿ, ಒಂದೊಂದನ್ನೂ ಸುರುಟಿ, ಬೀಡಿ ನೂಲಿನಿಂದಲೇ ಬಿಗಿದರು. ನಾನೂ ಜೊತೆಗೆ ಕುಳಿತೆ. ಅವನ್ನು ಹೆಂಚಿನಂತೆ ಸಾಲುಸಾಲಾಗಿ ಹೊಲಿದಾಗ ಮಾಡು ಬಟ್ಟೆಯಿಂದ ಎದ್ದು ನಿಂತಿತು.

ಅನಾವರಣದ ದಿನ ಬಂದವರೆಲ್ಲ ಮೊದಲು ಮುಟ್ಟಿ ನೋಡಿದ್ದು ಅದನ್ನೇ. "ಇದನ್ನು ಎಲ್ಲಿ ಕಲಿತದ್ದಮ್ಮಾ?" ಎಂದು ಪಾಣೆಮಂಗಳೂರಿನ ಅತಿಥಿಯೊಬ್ಬರು ಕೇಳಿದರು.

ಅತ್ತೆ ಟೀಚರ ಮುಖವನ್ನೇ ನೋಡುತ್ತಾ ಹೇಳಿದರು: "ಬೀಡಿ ಕಟ್ಟಿ ಕಲಿತದ್ದು, ನಮ್ಮ ಜಗಲಿಯಲ್ಲಿ."