ಸಾಹೇಬರ ಮೋಟಾರಿನ ಹಿಂದಿನ ಸೀಟು

ಅಪ್ಪ ಕಲ್ಯಾಣದ ಜಹಗೀರದಾರರ ಹವೇಲಿಯಲ್ಲಿ ಹದಿನೆಂಟು ವರ್ಷ ನೌಕರಿ ಮಾಡಿದರು. ಕೆಲಸ ಒಂದೇ. ಮೋಟಾರು ನಿಂತ ಕೂಡಲೇ ಹಿಂದಿನ ಬಾಗಿಲು ತೆಗೆಯುವುದು, ಸಾಹೇಬರು ಕುಳಿತ ಮೇಲೆ ಹಾಕುವುದು. ಮೋಟಾರು ಹೊರಟರೆ ಅಪ್ಪ ಬಾಗಿಲ ಕೆಳಗಿನ ಹಲಗೆಯ ಮೇಲೆ ನಿಂತು, ಕಿಟಕಿ ಹಿಡಿದು ಹೋಗುವರು. ಒಳಗೆ ಒಮ್ಮೆಯೂ ಕುಳಿತವರಲ್ಲ.

ಜಹಗೀರು ಹೋದ ಮೇಲೆ ಸಾಹೇಬರು ಹೈದರಾಬಾದಿಗೆ ಹೋದರು. ಮೋಟಾರು ಕುದುರೆ ಕಟ್ಟುವ ತಬೇಲೆಯಲ್ಲಿ ಉಳಿಯಿತು. ಅದರಲ್ಲಿ ಕೋಳಿಗಳು ಕಾವಿಗೆ ಕೂರತೊಡಗಿದವು. ಹವೇಲಿಯವರು ಅದನ್ನು ಗುಜರಿ ಬೆಲೆಗೆ ಕೊಡುತ್ತಾರೆಂದು ತಿಳಿದ ದಿನವೇ ಅಪ್ಪ ಮನೆಯ ಎಮ್ಮೆ ಮಾರಿ ಬಂದರು.

“ಎಮ್ಮಿ ಹಾಲು ಕೊಡ್ತಿತ್ತು. ಇದೇನ್ ಕೊಡ್ತದ್ರಿ?” ಎಂದಳು ಅವ್ವ.

“ಕೂಡ್ಲಾಕ ಜಾಗಾ ಕೊಡ್ತದ. ಒಂದ್ ಸಲ ಹಿಂದಿನ ಸೀಟಿನ ಮ್ಯಾಲ ಕೂತು ಹುಮನಾಬಾದಕ್ಕ ಹೋಗಿ ಬರ್ತೀನಿ. ಆಮ್ಯಾಲ ಬೇಕಾದ್ರ ಮಾರೋಣು.”

ರಿಪೇರಿಗೆ ಬಂದವರು ಪಕ್ಕದ ಮನೆಯ ಕಮ್ಮಾರ ಚಾಚಾ. ಅವರು ಅಲ್ಲಿಯ ತನಕ ಕಬ್ಬಿನ ಗಾಣ ಬಿಟ್ಟರೆ ಬೇರೇನೂ ಬಿಚ್ಚಿದವರಲ್ಲ. “ಎರಡೂ ತಿರಗೋ ಸಾಮಾನೇ,” ಎಂದು ಕೈ ಹಾಕಿದರು. ಐದು ತಿಂಗಳು ಹಿಡಿಯಿತು. ಕೀಲುಗಳಿಗೆಲ್ಲ ಔಡಲೆಣ್ಣೆ ಬಿಟ್ಟರು. ಎಂಜಿನ್ನಿನ ನೀರು ಸೋರುತ್ತಿತ್ತು, ಅದಕ್ಕೆ ಒಂದು ಹಿಡಿ ಅರಿಶಿನ ಪುಡಿ ಹಾಕಿದರು, ನಿಂತಿತು. ಸೀಟಿನ ಹತ್ತಿಯನ್ನು ಕೋಳಿಗಳು ಕಿತ್ತು ಹಾಕಿದ್ದವು. ಅವ್ವ ಬೈಯುತ್ತ ಬೈಯುತ್ತಲೇ ಅಳತೆ ಹಿಡಿದು ಹಳೆ ಸೀರೆಗಳ ಕೌದಿ ಹೊಲಿದಳು.

ರಿಪೇರಿ ಮಾಡುತ್ತಲೇ ಚಾಚಾ ಓಡಿಸುವುದನ್ನೂ ಕಲಿತಿದ್ದರು. ಹೊರಡುವ ದಿನ ಅವರೇ ಮೋಟಾರು ಶುರು ಮಾಡಿದರು. ನಾನು ಮುಂದೆ ಅವರ ಬದಿಗೆ ಕುಳಿತೆ. ಅಪ್ಪ ಹಿಂದಿನ ಬಾಗಿಲು ತೆಗೆದರು, ಖಾಲಿ ಸೀಟಿಗೆ ತಲೆ ಬಾಗಿಸಿದರು, ಬಾಗಿಲು ಹಾಕಿ ಹೊರಗಿನ ಹಲಗೆಯ ಮೇಲೆ ನಿಂತರು.

“ಭಾಯಿ, ಎಮ್ಮಿ ಮಾರಿದ್ದು ನಿಂದ್ರಲಾಕೇನು?” ಎಂದರು ಚಾಚಾ.

ಅಪ್ಪ ಇಳಿದು ಒಳಗೆ ಕುಳಿತರು. ದಾರಿಯಲ್ಲಿ ರಾಜೇಶ್ವರ ಊರು ದಾಟುವಾಗ ಕಟ್ಟೆಯ ಮೇಲಿದ್ದ ಜನ ಮೋಟಾರು ಗುರುತು ಹಿಡಿದು, ಎದ್ದು ಸಲಾಮು ಹೊಡೆದರು. ನಾನು ಹಿಂದಕ್ಕೆ ತಿರುಗಿ ನೋಡಿದರೆ ಅಪ್ಪ ಸೀಟಿನಿಂದ ಜಾರಿ ಕೆಳಗೆ ಕುಕ್ಕರುಗಾಲಿನಲ್ಲಿ ಕುಳಿತಿದ್ದರು.

“ಸಲಾಮ್ ತಗೋಪಾ!” ಎಂದರು ಚಾಚಾ.

“ನಂದಲ್ಲ ಅದು. ಹ್ಯಾಂಗ ತಗೋಲಿ?”

ಊರು ಹಿಂದೆ ಬಿದ್ದ ಮೇಲೆ ಮೆಲ್ಲಗೆ ಮೇಲೆ ಬಂದರು.

ಹುಮನಾಬಾದದ ಬಜಾರಿನಲ್ಲಿ ಮೋಟಾರು ನಿಂತಿತು. ಜನ ಕೂಡಿದರು. ಅಪ್ಪ ಮಾತ್ರ ಅಲ್ಲಾಡಲಿಲ್ಲ.

“ಇಳಿ ಅಪ್ಪಾ,” ಎಂದೆ.

“ಬಾಗಲಾ ಯಾರ್ ತಗೀತಾರ?”

ನಾನು ಹೋಗಿ ಬಾಗಿಲು ಎಳೆದೆ.

“ಹಿಂಗ ತಗೀತಾರೇನು? ಕೂತವ್ರ ಮಣಕಾಲಿಗೆ ಬಡದ್ರ?” ಅಪ್ಪ ಕೆಳಗಿಳಿದು, ನನ್ನನ್ನು ಕೌದಿಯ ಮೇಲೆ ಕೂಡಿಸಿ ಬಾಗಿಲು ಹಾಕಿದರು. ನಾಲ್ಕು ಹೆಜ್ಜೆ ದೂರ ಹೋಗಿ ತಿರುಗಿ ಬಂದರು. ಎಡಗೈ ಬೆನ್ನಿಗೆ ಇಟ್ಟು ಬಲಗೈಯಿಂದ ತೆಗೆದರು. ಚೂರೂ ಸಪ್ಪಳವಾಗಲಿಲ್ಲ.

“ಹಿಂಗ. ಈಗ ನೀ ತಗಿ.”

ನಾನು ಇಳಿದೆ, ಅಪ್ಪ ಮತ್ತೆ ಹತ್ತಿ ಕುಳಿತರು. ಇಡೀ ಬಜಾರಿನ ಎದುರು ನಾನು ಎಡಗೈ ಬೆನ್ನಿಗಿಟ್ಟು ಬಾಗಿಲು ತೆಗೆದೆ. ಅಪ್ಪ ಅವಸರ ಮಾಡದೆ ಒಂದು ಕಾಲು ನೆಲಕ್ಕಿಟ್ಟರು.

“ನಡೀತದ,” ಎಂದರು.